ಕಂಬಳಿ ಸುತ್ತಿದ ಮನುಷ್ಯ

"ಒಂದು, ಎರಡು, ಮೂರು!" ಎಂದು ಅಪ್ಪನ ಹಳೇ ಜೊತೆಗಾರ ಕೂಗಿದ. ನಾಲ್ವರೂ ಸೊಂಟ ಗಟ್ಟಿ ಮಾಡಿಕೊಂಡು ಎತ್ತಿದರು. ಎತ್ತಿದ ರಭಸಕ್ಕೆ ಹಲಗೆ ಎದೆಮಟ್ಟಕ್ಕೆ ಹಾರಿತು. ಹಿಂದೆ ಹಿಡಿದಿದ್ದವನು ಮುಗ್ಗರಿಸಿ ಗೋಡೆಗೆ ಒರಗಿದ. ಬಿಳಿ ಬಟ್ಟೆ ಹೊದ್ದ ಅಪ್ಪ ಹಲಗೆಯ ಮೇಲೆ ಇದ್ದಾನೋ ಇಲ್ಲವೋ ಎಂಬಷ್ಟು ಹಗುರಾಗಿದ್ದ.

"ಏನ್ರೋ ಇದು!" ಎಂದ ಜೊತೆಗಾರ. "ಇಳಿಸಿ, ಇಳಿಸಿ. ನಾನು ಸ್ವಲ್ಪ ಕೂತ್ಕೋಬೇಕು."

ಅವರೆಲ್ಲ ಮನೆ ಸಾಮಾನು ಸಾಗಿಸುವವರು, ಯಾವುದನ್ನೇ ಆಗಲಿ ಕಣ್ಣಲ್ಲೇ ತೂಗಿ ಎತ್ತುವವರು. ಇಪ್ಪತ್ತೆಂಟು ವರ್ಷ ಅಪ್ಪನ ಜೊತೆ ಒಂದೇ ಲಾರಿಯಲ್ಲಿ ದುಡಿದಿದ್ದರು. ಅಪ್ಪನಿಗೆ ಅವರಿಟ್ಟ ಹೆಸರು 'ಬೀರು'. ಕಬ್ಬಿಣದ ಬೀರುವನ್ನು ಬೆನ್ನಿಗೆ ಪಟ್ಟಿಯಲ್ಲಿ ಬಿಗಿದುಕೊಂಡು ಒಬ್ಬನೇ ನಾಲ್ಕು ಮಹಡಿ ಹತ್ತಿದ್ದ. ಮೇಲೆ ಹೋದಮೇಲೆ ಮನೆಯಾಕೆ "ಅಯ್ಯೋ, ಇದು ಪಕ್ಕದ ಕಟ್ಟಡಕ್ಕಲ್ವಾ" ಅಂದಾಗ ನಕ್ಕು ಇಳಿಸಿಯೂ ಇದ್ದ. ಆ ಕತೆ ಹೇಳದೆ ಅವರ ಯಾವ ಊಟವೂ ಮುಗಿಯುತ್ತಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಮಗಳು ಹಲಗೆಯನ್ನೇ ನೋಡಿದಳು. ಹದಿನಾಲ್ಕು ತಿಂಗಳು ದಿನಕ್ಕೆರಡು ಸಲ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿದವಳು ಅವಳು. ದಿನಾ ಒಂದಿಷ್ಟೇ ಕಮ್ಮಿಯಾಗುತ್ತಾ ಹೋದದ್ದು ಅವಳ ಕೈಗೆ ಗೊತ್ತೇ ಆಗಿರಲಿಲ್ಲ.

*

ಕೆಲಸದಲ್ಲಿ ಜಾರಿಬಿದ್ದು ಅಪ್ಪನ ಬೆನ್ನುಮೂಳೆ ಒಂದು ಕಡೆ ಬಿರುಕು ಬಿಟ್ಟಿತ್ತು. ಕೆಲವು ವಾರಗಳಲ್ಲಿ ಕೂಡಿಕೊಂಡಿತು. ಇನ್ನು ನಿಲ್ಲಿಸಿ, ನಡೆಸಿ ಎಂದರು ಡಾಕ್ಟರು. ವ್ಯಾಯಾಮ ಮಾಡಿಸುವ ಹೆಂಗಸೊಬ್ಬಳು ಮನೆಗೆ ಬಂದಳು. ಎರಡನೇ ದಿನ ಅವಳು ಅಪ್ಪನನ್ನು ನಿಲ್ಲಿಸಿದಾಗ ಅವನ ಕಾಲು ಗಡಗಡ ನಡುಗಿತು. ಮಗಳು ನೋಡಲಾರದೆ, "ನಾಳೆಯಿಂದ ಬರ್ಬೇಡಿ" ಎಂದು ಆಕೆಯನ್ನು ಕಳಿಸಿಬಿಟ್ಟಳು.

ಗಾಜಿನ ಬೀರುವನ್ನು ಹೇಗೆ ಕಾಪಾಡಬೇಕೆಂದು ಅಪ್ಪನೇ ಅವಳಿಗೆ ಚಿಕ್ಕಂದಿನಲ್ಲಿ ತೋರಿಸಿಕೊಟ್ಟಿದ್ದ. ನಾಲ್ಕೂ ಕಡೆ ಕಂಬಳಿ ಸುತ್ತು, ಬಿಗಿ, ಅಲುಗಾಡಲು ಜಾಗ ಬಿಡಬೇಡ. ಅವಳು ಹಾಗೇ ಮಾಡಿದಳು. ಮಂಚದ ಎರಡೂ ಬದಿಗೆ ಕಂಬಳಿ ಸುತ್ತಿದ ಕಂಬಿ, ಮಂಡಿಗಳ ನಡುವೆ ದಿಂಬು. ಊಟ, ಸ್ನಾನ ಎಲ್ಲ ಅಲ್ಲೇ. ಮಂಡಿನೋವಿನ ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಒಂದ್ಸಲ ನಿಲ್ಲಿಸೇ ತಾಯಿ. ಒಂದೇ ನಿಮಿಷ."

"ಬಿದ್ರೆ ಯಾರಪ್ಪಾ ನೋಡೋರು? ಸುಮ್ನೆ ಮಲಕ್ಕೋ."

"ನಾನೇನು ಗಾಜೇನೇ?"

"ಹೂಂ, ಗಾಜೇ."

ಅಪ್ಪ ನಗುತ್ತಿದ್ದ. ಬರಬರುತ್ತಾ ಕೇಳುವುದನ್ನೇ ಬಿಟ್ಟ. ಸದ್ಯ, ಬುದ್ಧಿ ಬಂತಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು.

ಹೋದ ವಾರ ಕಾಲುಚೀಲ ಹಾಕಲೆಂದು ಅವನ ಕಾಲನ್ನು ಒಂಚೂರು ತಿರುಗಿಸಿದಳು. ಒಣಕಡ್ಡಿ ಮುರಿದ ಹಾಗೆ ಲಟ್ ಎಂದಿತು. ತೊಡೆಮೂಳೆ. ಆಸ್ಪತ್ರೆಗೆ ಸೇರಿಸಿದ ನಾಲ್ಕನೇ ದಿನ ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ, ಉಸಿರು ಕಟ್ಟಿ ಅಪ್ಪ ಹೋಗಿಬಿಟ್ಟ.

*

ವ್ಯಾಯಾಮದ ಹೆಂಗಸೂ ಸುದ್ದಿ ಕೇಳಿ ಬಂದು ಒಂದು ಮೂಲೆಯಲ್ಲಿ ನಿಂತಿದ್ದಳು. ಮಗಳು ಆಕೆಯ ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು.

"ಮೂಳೆ ಪೂರ್ತಿ ಜಾಳಾಗಿದೆ ಅಂದ್ರು ಡಾಕ್ಟ್ರು. ಹೇಗಾಯ್ತು ಹೇಳಿ. ಒಂದು ಗೀರು ಬೀಳದ ಹಾಗೆ ನೋಡ್ಕೊಂಡಿದ್ದೆ."

"ಇವತ್ತು ಬೇಡಮ್ಮ."

"ಇವತ್ತೇ ಹೇಳಿ."

"ಮಲಗೇ ಇದ್ರೆ ಮಾಂಸ ಕರಗುತ್ತೆ, ಜೊತೆಗೆ ಮೂಳೆನೂ. ಮೂಳೇಲಿ ಹಳೇದನ್ನ ಕೆಡವೋ ಕಣಗಳಿರ್ತವೆ, ಹೊಸದು ಕಟ್ಟೋವೂ ಇರ್ತವೆ. ನಿಂತು ನಡೆದ್ರೆ ಮೈಭಾರ ಬೀಳುತ್ತಲ್ಲ, ಆಗ ಕಟ್ಟೋ ಕೆಲಸ ನಡೀತಿರುತ್ತೆ. ಭಾರವೇ ಬೀಳದಿದ್ರೆ ಮೂಳೆ ಒಂದು ಪ್ರೋಟೀನನ್ನ ಜಾಸ್ತಿ ಮಾಡುತ್ತೆ, ಸ್ಕ್ಲಿರೋಸ್ಟಿನ್ ಅಂತ. ಅದು ಕಟ್ಟೋ ಕೆಲಸಕ್ಕೆ ತಡೆ ಹಾಕುತ್ತೆ. ಕೆಡವೋದು ಮಾತ್ರ ನಿಲ್ಲಲ್ಲ."

"ದಿನಾ ನಿಲ್ಲಿಸಿದ್ದಿದ್ರೆ?"

"ವಯಸ್ಸೂ ಆಗಿತ್ತಮ್ಮ. ಮಲಗಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ."

"ನಿಲ್ಲಿಸಿದ್ದಿದ್ರೆ?"

"ಇಷ್ಟಾಗ್ತಿರ್ಲಿಲ್ಲ."

ಮಗಳಿಗೆ ಅಳು ಬರಲಿಲ್ಲ. ಸಿಟ್ಟಿನಿಂದ ಕಟ್ಟಿಹಾಕಿದ್ದರೆ ಯಾರಾದರೂ ಬಂದು ಬೈದು ಬಿಡಿಸುತ್ತಿದ್ದರು. ಪ್ರೀತಿಯಿಂದ ಕಟ್ಟಿಹಾಕಿದ್ದಕ್ಕೆ, ಮಗಳಂದ್ರೆ ಹೀಗಿರಬೇಕು ಎಂದು ಕಟ್ಟಡಕ್ಕೆ ಕಟ್ಟಡವೇ ಹೊಗಳಿತ್ತು.

ಒಳಕೋಣೆಯಿಂದ ಚಿಕ್ಕಮ್ಮನ ದನಿ ಕೇಳಿತು. "ಅಕ್ಕಾ, ಏಳ್ಬೇಡ. ಮೂರು ಮಹಡಿ ಇಳಿಯೋದು ನಿನ್ನ ಕೈಲಾಗಲ್ಲ. ಮಲಕ್ಕೋ."

ಮಗಳು ಹೋಗಿ ನೋಡಿದಳು. ಚಿಕ್ಕಮ್ಮ ಅಮ್ಮನನ್ನು ಅದೇ ಮಂಚದ ಮೇಲೆ ಮಲಗಿಸಿ, ಕಂಬಿ ಏರಿಸಿ, ಕಾಲಿಗೆ ಕಂಬಳಿ ಹೊದಿಸುತ್ತಿದ್ದಳು.

"ಮಲಗಿಸ್ಬೇಡಿ!" ಕಿರುಚಿದ ಸದ್ದಿಗೆ ಹೊರಗಿದ್ದವರೆಲ್ಲ ಬೆಚ್ಚಿಬಿದ್ದರು. ಅವಳು ಕಂಬಳಿಯನ್ನು ಕಿತ್ತೆಸೆದು ಕಂಬಿ ಇಳಿಸಿದಳು.

"ತಲೆ ಕೆಟ್ಟಿದೆಯೇನೇ? ಬಿದ್ರೆ?" ಎಂದಳು ಚಿಕ್ಕಮ್ಮ.

"ನಾನಿದೀನಿ. ಅಮ್ಮಾ, ಏಳು. ಅಪ್ಪನ ಹಿಂದೆ ನಾವೂ ಇಳಿಯೋಣ."

ಅಮ್ಮ ಅವಳ ಮುಖವನ್ನೇ ನೋಡಿದಳು. "ನಿಧಾನಕ್ಕೆ ಕಣೇ" ಎಂದು ಕಾಲು ಕೆಳಗಿಟ್ಟಳು.

ನಾಲ್ವರೂ ಹಲಗೆ ಹಿಡಿದು ಮುಂದೆ ಇಳಿಯುತ್ತಿದ್ದರು, ಈ ಸಲ ಮೆತ್ತಗೆ. ಮೂರನೇ ಮೆಟ್ಟಿಲಲ್ಲಿ ಅಮ್ಮನ ಮಂಡಿ ನಡುಗಿತು. ಮಗಳ ಕೈ ಗಬಕ್ಕನೆ ಅವಳ ಸೊಂಟದತ್ತ ಹೋಯಿತು. ಆದರೆ ಹಿಡಿಯಲಿಲ್ಲ. ಒಂದು ಗೇಣು ಇತ್ತಲೇ ಗಾಳಿಯಲ್ಲಿ ನಿಂತಿತು. ಅಮ್ಮ ಗೋಡೆಗೆ ಅಂಗೈ ಊರಿದಳು, ಪಾದವನ್ನು ಇಡಿಯಾಗಿ ಮುಂದಿನ ಮೆಟ್ಟಿಲ ಮೇಲಿಟ್ಟಳು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.