ಹೋದ ಸಲದ ಫಿಲ್ಮು

ನಾನು ಎಕ್ಸ್‌ರೇ ಫಿಲ್ಮು ಹಚ್ಚಿ ನೋಡುವ ಲೈಟಿನ ಪೆಟ್ಟಿಗೆ. ದವಾಖಾನೆಗೆ ಹೋದವರೆಲ್ಲ ನನ್ನನ್ನು ನೋಡಿರುತ್ತೀರಿ, ಆದರೆ ಯಾರಿಗೂ ನನ್ನ ನೆನಪಿರುವುದಿಲ್ಲ. ನನ್ನ ಮುಂದೆ ನಿಂತು ಡಾಕ್ಟರು "ಹ್ಞೂಂ" ಎಂದದ್ದು ಮಾತ್ರ ನೆನಪಿರುತ್ತದೆ. ಹುಟ್ಟಿದ್ದು ಬೆಳಗಾವಿಯ ಒಂದು ತಗಡಿನ ಶೆಡ್ಡಿನಲ್ಲಿ. ಒಳಗೆ ಟ್ಯೂಬ್‌ಲೈಟು, ಮುಂದೆ ಹಾಲಿನ ಬಣ್ಣದ ಹಾಳೆ, ಎಡಕ್ಕೊಂದು ಬಲಕ್ಕೊಂದು ಸ್ವಿಚ್ಚು. ಇಷ್ಟೇ ನನ್ನ ಜಾತಕ.

ಮೊದಲು ಗದಗಿನ ಎಲುಬಿನ ಡಾಕ್ಟರು ಇನಾಮದಾರರು ನನ್ನನ್ನು ಕೊಂಡರು. ಅಲ್ಲಿ ಬಾಳು ಸಲೀಸಾಗಿತ್ತು. ಎಲುಬು ಮುರಿದಿದ್ದರೆ ಮುರಿದಿದೆ, ಕೂಡಿದ್ದರೆ ಕೂಡಿದೆ. ಯಾರಿಗೂ ಏನನ್ನೂ ಮುಚ್ಚಿಡುವ ಗೊಡವೆಯಿಲ್ಲ. ಅವರು ವಯಸ್ಸಾಗಿ ದವಾಖಾನೆ ಮುಚ್ಚಿದಾಗ ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರು ಹಂಚಿನಮನಿಯವರು ನನ್ನನ್ನು ತಂದು ತಮ್ಮ ಗೋಡೆಗೆ ಹಾಕಿಕೊಂಡರು. ಅಲ್ಲಿಂದ ನನಗೆ ಸಂಶಯದ ರೋಗ ಅಂಟಿತು. ಬಂದವರ ಮನೆಯವರು ನನ್ನ ಮುಂದೆ ಒಂದು ಮುಖ ಮಾಡುತ್ತಾರೆ, ಬಾಗಿಲು ದಾಟುವಷ್ಟರಲ್ಲಿ ಇನ್ನೊಂದು ಮುಖ ಹಾಕಿಕೊಳ್ಳುತ್ತಾರೆ. "ಏನೂ ಇಲ್ಲ, ಆರಾಮ ಅದೀರಿ" ಎನ್ನುವವರನ್ನು ನಾನು ಒಂದು ದಿನವೂ ಪೂರ್ತಿ ನಂಬಲಿಲ್ಲ.

ದ್ಯಾಮವ್ವ ಬಂದದ್ದು ಅಲ್ಲಿಗೇ. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಹೆಂಗಸು, ದನಿ ದೊಡ್ಡದು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟಾಗಿ ಆಪರೇಶನ್ ಆಗಿತ್ತು. "ಇನ್ನೊಮ್ಮೆ ನನಗ ಚಾಕು ಹಚ್ಚಿದ್ರ ನೋಡ್ರಿ ಮತ್ತ!" ಎಂದು ಡಾಕ್ಟರಿಗೇ ಗದರಿಸಿದ್ದಳು. ಗಂಡ ಫಕೀರಪ್ಪ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು, ಮೆತ್ತನೆಯ ಮನುಷ್ಯ.

ಕರುಳಿನ ಕ್ಯಾನ್ಸರನ್ನು ಕೊಯ್ದು ತೆಗೆದರೂ ಅದು ಸುಮ್ಮನಿರುತ್ತದೆಂದು ಹೇಳುವಂತಿಲ್ಲ. ರಕ್ತದ ಜೊತೆ ಹರಿದು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಅದಕ್ಕೇ ಆಗಾಗ ಎದೆಯ ಸ್ಕ್ಯಾನು. ಹೋದ ಸಲದ ಫಿಲ್ಮನ್ನು ಮನೆಯಿಂದ ತರಬೇಕು. ಡಾಕ್ಟರು ಅದನ್ನು ನನ್ನ ಎಡಕ್ಕೆ, ಈ ಸಲದ್ದನ್ನು ಬಲಕ್ಕೆ ಸಿಕ್ಕಿಸಿ ಹೋಲಿಸಿ ನೋಡುವರು. ದ್ಯಾಮವ್ವನೂ ಕುರ್ಚಿಯಿಂದ ಎದ್ದು ಬಂದು ಕತ್ತು ಚಾಚುವಳು.

"ಎರಡೂ ಒಂದ ಥರಾ ಅದಾವ, ಹೌದಿಲ್ರೀ?"

"ಹೌದವ್ವಾ, ಹೊಸಾದೇನಿಲ್ಲ," ಎನ್ನುವರು ಡಾಕ್ಟರು. ಅವಳು ನಿಶ್ಚಿಂತೆಯಾಗಿ ಮನೆಗೆ ಹೋಗುವಳು.

ಒಂದು ಸಲ ಅವಳು ರಕ್ತ ಕೊಡಲು ಹೋಗಿದ್ದಾಗ ಫಕೀರಪ್ಪ ಒಬ್ಬನೇ ಒಳಗೆ ಬಂದ. ಡಾಕ್ಟರು ಎರಡೂ ಫಿಲ್ಮು ಸಿಕ್ಕಿಸಿದರು. ಬಲಗಡೆಯದರ ಮೇಲೆ ಅವರ ಬೆರಳು ನಿಂತುಬಿಟ್ಟಿತು. ಜೋಳದ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ.

"ಇದು ಹೋದ ಸಲ ಇರಲಿಲ್ಲ. ಕರುಳಿನ ರೋಗ ಶ್ವಾಸಕೋಶಕ್ಕ ಬಂದೈತಿ. ಒಂದ ಚುಕ್ಕಿ ಐತಿ, ಈಗ ಆಪರೇಶನ್ ಮಾಡಿ ತಗೀಬಹುದು. ಅವರನ್ನ ಕರೀರಿ, ಹೇಳೋಣು."

"ಕೈ ಮುಗೀತೀನ್ರಿ ಸಾಹೇಬ್ರ, ಇವತ್ತ ಬ್ಯಾಡ. ಆಕಿ ಎದಿ ಒಡಕೋತಾಳ. ನಾನ ಮನ್ಯಾಗ ಸಾವಕಾಶ ಹೇಳಿ ಎಂಟ ದಿನದಾಗ ಕರಕೊಂಡ ಬರ್ತೀನಿ."

ಡಾಕ್ಟರು ಒಪ್ಪಿಬಿಟ್ಟರು. ಅಯ್ಯೋ, ಯಾಕೆ ಒಪ್ಪಿದರೋ! ನನ್ನ ದೀಪ ಆರಿಸಿದರು. ಅಷ್ಟರಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ದ್ಯಾಮವ್ವ ಬಂದಳು. ಏನಂದರು ಎಂದು ಕೇಳಿದಳು. "ಏನೂ ಇಲ್ಲಂತ," ಎಂದ ಫಕೀರಪ್ಪ, ಕಿಟಕಿಯ ಕಡೆ ನೋಡುತ್ತಾ. ಈ ಮನುಷ್ಯ ಎಂಟು ದಿನಕ್ಕೆ ಬರುವವನಲ್ಲ ಎಂದು ನನಗೆ ಆಗಲೇ ಅನುಮಾನ. ಬರಲಿಲ್ಲ. ಡಾಕ್ಟರು ಫೋನು ಮಾಡಿಸಿದಾಗಲೆಲ್ಲ ನಾಳೆ ಎಂದನಂತೆ.

ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನಿನ ಸರದಿ ಬಂತು. ಇಬ್ಬರೂ ಬಂದರು. ಡಾಕ್ಟರು ಹೊಸ ಫಿಲ್ಮನ್ನು ನನ್ನ ಬಲಕ್ಕೆ ಸಿಕ್ಕಿಸಿದರು. ಎಡಗಡೆ ಬರೀ ಬೆಳಕು.

"ಹೋದ ಸಲದ್ದ ಎಲ್ಲೈತ್ರಿ?" ಎಂದು ದ್ಯಾಮವ್ವ ಗಂಡನನ್ನು ಕೇಳಿದಳು.

"ಮನ್ಯಾಗ ಮರತ ಬಂದೇನಿ."

"ನೀವು ಮರಿಯಾವ್ರ ಅಲ್ಲ. ಗಿರಾಕಿ ತಿಂದ ರೊಟ್ಟಿ ಒಂದೂ ಮರಿಯಾಂಗಿಲ್ಲ ನೀವು." ಅವಳು ಎದ್ದು ಬಂದು ನನ್ನ ಖಾಲಿ ಭಾಗವನ್ನು ಬೆರಳಿನಿಂದ ತಟ್ಟಿದಳು. "ಸಾಹೇಬ್ರ, ನೀವ ಹೇಳ್ರಿ. ಇಲ್ಲಿ ಏನಿತ್ತು?"

ಡಾಕ್ಟರು ಕನ್ನಡಕ ತೆಗೆದರು. "ಆಗ ಒಂದ ಚುಕ್ಕಿ ಇತ್ತವ್ವಾ. ಈಗ ಎರಡಾಗ್ಯಾವು. ಈಗೂ ತಗೀಬಹುದು. ನಾನ ನಿಮಗ ಅವತ್ತ ಹೇಳಬೇಕಾಗಿತ್ತು, ತಪ್ಪಾತು."

ದೊಡ್ಡ ದನಿಯ ಹೆಂಗಸು ಅಂದು ಮೆಲ್ಲಗೆ ಮಾತಾಡಿದಳು. "ಮೂರ ತಿಂಗಳ ನಾ ಊರ ಮಂದಿಗೆಲ್ಲ ರೊಟ್ಟಿ ಬಡದು ಹಾಕೀನಿ. ನನ್ನ ಎದಿಯೊಳಗ ಏನೈತಿ ಅಂತ ನಿಮ್ಮಿಬ್ಬರಿಗೂ ಗೊತ್ತು, ನನಗೊಬ್ಬಾಕಿಗೆ ಗೊತ್ತಿಲ್ಲ?"

"ಚಾಕು ಬ್ಯಾಡ ಅಂದಿದ್ದೆಲ್ಲಾ ನೀ. ಅಂಜಿದೆ," ಎಂದ ಫಕೀರಪ್ಪ.

"ಅಂಜೂದಿದ್ರ ನಾ ಅಂಜಬೇಕಿತ್ರಿ. ಎದಿ ನಂದು." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಆಪರೇಶನ್ನಿಗೆ ಯಾವತ್ತ ಬರ್ಲಿ?"

ಅವಳ ಆಪರೇಶನ್ ಆಯಿತು. ಅಷ್ಟರಲ್ಲಿ ನನ್ನ ಕಾಲವೂ ಮುಗಿಯಿತು. ಕೋಣೆಗೆ ಕಂಪ್ಯೂಟರ್ ಬಂತು, ಫಿಲ್ಮು ಹಚ್ಚುವ ಕೆಲಸ ಉಳಿಯಲಿಲ್ಲ. ನನ್ನನ್ನು ಗೋಡೆಯಿಂದ ಇಳಿಸಿ ಬೀರುವಿನ ಪಕ್ಕ ನೆಲದ ಮೇಲಿಟ್ಟರು. ಇಲ್ಲಿಂದ ಮನುಷ್ಯರ ಗದ್ದ, ಮೂಗಿನ ಹೊಳ್ಳೆ ಕಾಣುತ್ತವೆ. ಕೆಟ್ಟುಹೋಗಿಲ್ಲ ನಾನು, ಹಚ್ಚಿದರೆ ಈಗಲೂ ಬೆಳಗುತ್ತೇನೆ, ಹಚ್ಚುವವರಿಲ್ಲ. ಹೊಟ್ಟೆಕಿಚ್ಚು ಎನ್ನಿ ಬೇಕಾದರೆ, ಆ ಕಂಪ್ಯೂಟರಿನ ಮೇಲೆ ನನಗೆ ನಂಬಿಕೆಯಿಲ್ಲ. ನಾನು ಕೋಣೆಯಲ್ಲಿದ್ದವರಿಗೆಲ್ಲ ಮುಖ ತೋರಿಸುತ್ತಿದ್ದೆ. ಅದು ಡಾಕ್ಟರೊಬ್ಬರಿಗೇ ಮುಖ ಕೊಟ್ಟು ಕೂರುತ್ತದೆ.

ಒಂದು ವರ್ಷದ ಮೇಲೆ ದ್ಯಾಮವ್ವ ಮತ್ತೆ ಸ್ಕ್ಯಾನು ಮಾಡಿಸಿಕೊಂಡು ಬಂದಳು. ಈಗ ಗಂಡನನ್ನು ಒಬ್ಬನನ್ನೇ ಒಳಗೆ ಬಿಡುವುದಿಲ್ಲ. ಡಾಕ್ಟರು ತೆರೆಯನ್ನು ನೋಡಿ ನಕ್ಕರು.

"ಶ್ವಾಸಕೋಶ ಸ್ವಚ್ಛ ಐತಿ ನೋಡವ್ವಾ. ಏನೂ ಇಲ್ಲ."

"ಕೇಳಿದೇನು? ಏನೂ ಇಲ್ಲಂತ!" ಫಕೀರಪ್ಪ ಕುರ್ಚಿಯಿಂದ ಎದ್ದೇಬಿಟ್ಟ.

ದ್ಯಾಮವ್ವ ನಗಲಿಲ್ಲ. ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು.

"ಅದನ್ನ ಈ ಕಡೆ ತಿರುಗಸ್ರಿ."

ಡಾಕ್ಟರು ಕಂಪ್ಯೂಟರಿನ ತೆರೆಯನ್ನು ತಿರುಗಿಸಿದರು.

"ಹೋದ ಸಲದ್ದೂ ಬಾಜೂಕ ಹಚ್ರಿ."

ಅದನ್ನೂ ತೋರಿಸಿದರು. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಡಾಕ್ಟರು ತೋರಿಸಿದ ಒಂದೊಂದು ಜಾಗವನ್ನೂ ಮತ್ತೆ ಕೇಳಿ ಕೇಳಿ ನೋಡಿದಳು. ಕೆಳಗಿನಿಂದ ನನಗೆ ಅವಳ ಗದ್ದ ನಡುಗುವುದು ಕಂಡಿತು. ಕುರ್ಚಿಯಲ್ಲಿ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಫಕೀರಪ್ಪನೂ ಅಳುತ್ತಿದ್ದ. ಅವಳ ಭುಜದ ಮೇಲೆ ಕೈಯಿಟ್ಟ.

"ಈಗರ ನಂಬಿದೇನು ನನ್ನ ಮಾತು?"

ಅವಳು ಆ ಕೈಯನ್ನು ಸರಿಸಲಿಲ್ಲ. ಮೂಗು ಒರೆಸಿಕೊಂಡಳು.

"ನಿಮ್ಮ ಮಾತ ನಂಬಿಲ್ರೀ. ನೋಡಿ ನಂಬೀನಿ."

ಫಕೀರಪ್ಪ ಹೆಗಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಅವಳ ಚೀಲ ಎತ್ತಿಕೊಂಡು ಹಿಂದೆ ನಡೆದ.