ಕಲ್ಲಿನ ಬಿಸಿ

ಕಣ್ಣು ಬಿಡುವ ಮುಂಚೆಯೇ ಅವಳ ಮೂಗಿಗೆ ಗೊತ್ತಾಗಿತ್ತು. ಮುಚ್ಚಿದ ಕೋಣೆಯಲ್ಲಿ ಸುಟ್ಟ ಬತ್ತಿಯ ಕಮಟು. ಗೋಡೆಗೆ ಒರಗಿ ಕೂತಿದ್ದವಳು ಯಾವಾಗ ನೆಲಕ್ಕೆ ಜಾರಿದಳೋ, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಗಡಿಯಾರದಲ್ಲಿ ಐದೂಕಾಲು. ಎಣ್ಣೆ ಹಾಕಬೇಕಾಗಿದ್ದದ್ದು ಎರಡೂವರೆಗೆ. ಅವಳು ಕೂತದ್ದು ಎರಡಕ್ಕೆ, ಅಲ್ಲಿಯವರೆಗೆ ಸ್ವಲ್ಪ ಕಾಲು ಚಾಚೋಣ ಅಂತ.

ಗೂಡಿನಲ್ಲಿ ಶಿವನ ಪಟ, ಪಟದ ಮುಂದೆ ಒಂದು ಕರಿಕಲ್ಲಿನ ಚಪ್ಪಡಿ, ಅದರ ಮೇಲೆ ಹಿತ್ತಾಳೆಯ ದೀಪ. ದೀಪ ಆರಿತ್ತು.

ಅವಳು ಎದ್ದು ನಿಂತಳು, ಮತ್ತೆ ಕೂತಳು. ಗೂಡಿನ ಪಕ್ಕದ ಬಾಗಿಲ ಮೇಲೆ ಗಂಡ ಸೀಮೆಸುಣ್ಣದಲ್ಲಿ ಬರೆದ ಅಂಕಿ ಅವಳನ್ನೇ ನೋಡುತ್ತಿತ್ತು: ೪೧. ಅವನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಹಿಂದಿನ ದಿನದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದು ಬರೆಯುತ್ತಿದ್ದ. ನಲವತ್ತೆಂಟು ದಿನ ದೀಪ ಆರಬಾರದು. ನಲವತ್ತೆಂಟು ದಿನ ಅವನು ಕುಡಿಯಬಾರದು. ಎರಡೂ ಒಂದೇ ವ್ರತ. ಶುರು ಮಾಡಿದ ದಿನ ಅವನೇ ಹೇಳಿದ್ದ, "ಈ ದೀಪ ಆರಿದರೆ ನಾನೂ ಆರಿದ ಹಾಗೇ ತಿಳ್ಕೊ. ಆಮೇಲೆ ನನ್ನ ಹಿಡಿಯೋಕೆ ಯಾರೂ ಬರಬೇಡಿ."

ಹದಿನೆಂಟು ವರ್ಷ ಅವನನ್ನು ಹಿಡಿದವಳು ಅವಳು. ಬೀದಿಯಲ್ಲಿ, ಮೆಟ್ಟಿಲಲ್ಲಿ, ಒಮ್ಮೆ ಆಸ್ಪತ್ರೆಯ ಬಾಗಿಲಲ್ಲಿ. ಹಿಡಿದು ಹಿಡಿದು ಬಲಗೈ ಭುಜ ಒಂದು ಕಡೆಗೆ ವಾಲಿತ್ತು. ದೀಪ ಬಂದ ಮೇಲೆ ಆ ಭುಜಕ್ಕೆ ಬಿಡುವಾಗಿತ್ತು, ಕಣ್ಣಿಗೆ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಬೆಳಗಿನ ಐದರ ಪಾಳಿ. ಹಾಸಿಗೆ ಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ಕೊಡುವುದು, ಆ ಕಡೆಯಿಂದ ಎಳೆದು ಮಡಚುವುದು. ಮನೆಗೆ ಬರುವಾಗ ಒಂದೂವರೆ. ಗಂಡ ಹತ್ತಕ್ಕೆ ಎಣ್ಣೆ ತುಂಬಿ ವರ್ಕ್‌ಶಾಪಿಗೆ ಹೋದರೆ ಮತ್ತೆ ಬರುವುದು ಸಂಜೆ ಆರೂವರೆಗೆ, ಶಿವಪಾಠ ಕೇಳಿಕೊಂಡು. ರಾತ್ರಿಯ ಸರದಿಗಳೂ ಅವಳವೇ. ಕುಡಿತ ಬಿಟ್ಟ ಹೊಸದರಲ್ಲಿ ಅವನ ಕೈ ನಡುಗುತ್ತಿತ್ತು, ನಿದ್ದೆಗೆಟ್ಟರೆ ಇನ್ನೂ ಹೆಚ್ಚು ನಡುಗುತ್ತಿತ್ತು. ಲೇತ್ ಮೆಷಿನ್ ಮುಂದೆ ನಿಲ್ಲುವವನಿಗೆ ಹತ್ತು ಬೆರಳೂ ಬೇಕಲ್ಲ. ನೀವು ಮಲಗಿ, ನಾನು ನೋಡ್ಕೋತೀನಿ ಅಂದಿದ್ದಳು. ಆ ಮಾತು ಮೊದಲ ವಾರಕ್ಕೆ ಆಡಿದ್ದು, ನಲವತ್ತೊಂದನೇ ದಿನಕ್ಕೆ ಬಂದು ನಿಂತಿತ್ತು.

"ಹಣೆಯಲ್ಲೇ ಬೆಂಕಿ ಇಟ್ಕೊಂಡಿದೀಯ," ಅವಳು ಪಟಕ್ಕೆ ಹೇಳಿದಳು. "ಒಂದು ಬತ್ತಿ ನೋಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

ಪಟದಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಇದ್ದ.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಕೆಳಗಿನ ಮನೆಯಲ್ಲಿರುವ ನಾದಿನಿ, ಗಂಡನ ತಂಗಿ. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ.

"ಅತ್ತಿಗೆ, ನಿಮ್ಮ ಕತ್ತರಿ ತಗೊಳ್ಳಿ, ನನ್ನದು..." ಅಂದವಳು ಗೂಡಿನ ಕಡೆ ನೋಡಿ ನಿಂತಳು. "ಅಯ್ಯೋ ದೇವರೇ. ಯಾವಾಗ?"

"ಮೂರಕ್ಕೇ ಆರಿರಬೇಕು. ಐದು ಗಂಟೆಯ ಎಣ್ಣೆ ಹಿಡಿಯುತ್ತೆ ಅದು. ಹತ್ತಕ್ಕೆ ಹಾಕಿದ್ರು."

"ಹಚ್ಚಿಬಿಡಿ ಮತ್ತೆ! ಏನು ನೋಡ್ತಾ ಕೂತಿದೀರಿ? ಶಿವ ಏನು ಗಡಿಯಾರ ಇಟ್ಕೊಂಡು ಕೂತಿದಾನಾ?"

"ಶಿವ ಇಟ್ಕೊಂಡಿಲ್ಲ. ನಿಮ್ಮಣ್ಣ ಇಟ್ಕೊಂಡಿದಾರೆ."

ನಾದಿನಿಗೆ ನಗು ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುವಂಥದ್ದೇ. ಅವಳಣ್ಣನಿಗೆ ವರ್ಕ್‌ಶಾಪಿನಲ್ಲಿ ಮಿಲಿಮೀಟರ್ ಅಂತ ಅಡ್ಡಹೆಸರು. ಕುಡಿದಾಗಲೂ ಅವನ ಕೆಲಸದಲ್ಲಿ ಅಳತೆ ತಪ್ಪುತ್ತಿರಲಿಲ್ಲ, ಉಳಿದದ್ದೆಲ್ಲ ತಪ್ಪುತ್ತಿತ್ತು. ಈ ದೀಪವನ್ನೂ ಅವನೇ ಲೇತಿನಲ್ಲಿ ಕಡೆದು ತಂದಿದ್ದ. ಬಟ್ಟಲಿನ ಒಳಗೋಡೆಗೆ ಐದು ಗೆರೆ ಕೊರೆದಿದ್ದ, ಗಂಟೆಗೊಂದು. ನೋಡಿದ ತಕ್ಷಣ ಎಣ್ಣೆ ಯಾವಾಗ ಹಾಕಿದ್ದು, ಇನ್ನೆಷ್ಟು ಹೊತ್ತು ಬರುತ್ತೆ ಅಂತ ಗೊತ್ತಾಗಬೇಕು. ಗೂಡಿನ ಪಕ್ಕ ಒಂದು ಪುಸ್ತಕವನ್ನು ದಾರದಲ್ಲಿ ನೇತು ಹಾಕಿದ್ದ. ಎಣ್ಣೆ ಹಾಕಿದವರು ಹೊತ್ತು ಬರೆಯಬೇಕು.

"ಎಂಥ ವ್ರತವೋ ಅತ್ತಿಗೆ. ತಪಸ್ಸು ಅಣ್ಣಂದು, ಕಣ್ಣ ಕೆಳಗಿನ ಕಪ್ಪು ನಿಮ್ಮದು," ಅಂದಳು ನಾದಿನಿ. "ಕನ್ನಡೀಲಿ ನೋಡ್ಕೊಂಡಿದೀರಾ ಮುಖಾನ?"

"ನೋಡೋಕೆ ಪುರುಸೊತ್ತೆಲ್ಲಿ? ಬಿಡಿ ಅದನ್ನ. ಏಳು ದಿನ ಉಳಿದಿತ್ತು. ಏಳೇ ಏಳು."

"ಉಳಿದಿತ್ತು ಅಂತ ಯಾಕೆ ಅಂತೀರಿ? ಉಳಿದಿದೆ ಅನ್ನಿ. ನಾನು ನೋಡಿಲ್ಲ, ನೀವು ಹೇಳಿಲ್ಲ." ಅವಳು ಮೇಜಿನ ಮೇಲೆ ಕತ್ತರಿ ಇಟ್ಟಳು. ಬಾಗಿಲ ತನಕ ಹೋಗಿ ತಿರುಗಿದಳು. ಮುಖದಲ್ಲಿ ನಗು ಇರಲಿಲ್ಲ. "ಅಣ್ಣಂಗೆ ಗೊತ್ತಾಗಬಾರದು ಅತ್ತಿಗೆ. ಗೊತ್ತಾದ್ರೆ ಇವತ್ತೇ ಹೋಗ್ತಾನೆ. ಕಾಯ್ತಾ ಇದಾನೋ ಏನೋ ಅನ್ಸುತ್ತೆ ಒಂದೊಂದು ಸಲ, ಒಂದು ನೆವಕ್ಕೆ."

ಅವಳು ಹೋದ ಮೇಲೆ ಇವಳು ಕೆಲಸಕ್ಕೆ ಕೂತಳು. ಬಟ್ಟಲಿಗೆ ಎಣ್ಣೆ ಸುರಿದಳು, ಗಾಬರಿಯಲ್ಲಿ ಅಂಚಿನ ತನಕ ಸುರಿದಳು. ಆಮೇಲೆ ತಲೆಗೆ ಹೊಳೆಯಿತು. ಎರಡೂವರೆಗೆ ಹಾಕಿದ್ದರೆ ಈಗ ಮೂರು ಗೆರೆ ಇಳಿದಿರಬೇಕಲ್ಲ. ಚಮಚದಲ್ಲಿ ಎಣ್ಣೆಯನ್ನು ಮತ್ತೆ ಸೀಸೆಗೆ ತೆಗೆದಳು, ಬಗ್ಗಿ ಗೆರೆ ಎಣಿಸಿದಳು. ಬತ್ತಿ ಬುಡದ ತನಕ ಸುಟ್ಟು ಹೋಗಿತ್ತು. ಹೊಸ ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ, ಹಳೆಯ ಬತ್ತಿಯ ಕರಿಯಲ್ಲಿ ಅದರ ತುದಿ ಹೊರಳಿಸಿದಳು. ಪುಸ್ತಕದಲ್ಲಿ ಗಂಡನ ದುಂಡು ಅಕ್ಷರದ '೧೦.೦೦'ರ ಕೆಳಗೆ '೨.೩೦' ಅಂತ ಬರೆದಳು. ಬರೆಯುವಾಗ ಕೈ ನಡುಗಲಿಲ್ಲ. ಅದು ಅವಳಿಗೇ ಸರಿ ಅನ್ನಿಸಲಿಲ್ಲ. ಕಡ್ಡಿ ಗೀರಿ ದೀಪಕ್ಕೆ ಹಿಡಿದಳು. ಉರಿ ಚಿಕ್ಕದಾಗಿ ಎದ್ದು ನೆಟ್ಟಗೆ ನಿಂತಿತು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಸುಟ್ಟ ಕಡ್ಡಿಯನ್ನು ಒಲೆಯ ಹಿಂದೆ ಹಾಕಿದಳು. ಕಿಟಕಿ ತೆರೆದು ಸೆರಗಿನಿಂದ ಹೊಗೆಯನ್ನು ಹೊರಗೆ ಬೀಸಿದಳು.

ಆಮೇಲೆ ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿಯಲಾಗಲಿಲ್ಲ. ಪಾತ್ರೆ ತೊಳೆಯಲು ಹೋದಳು.

ಶಿವಪಾಠ ನಡೆಯುತ್ತಿದ್ದದ್ದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಹೇಳುವವರು ಒಬ್ಬರು ಮುದುಕರು, ಹಿಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ದೊಡ್ಡ ಮಾತು ಹೇಳುತ್ತಿರಲಿಲ್ಲ. ಮೊದಲ ದಿನ ಗಂಡನನ್ನು ಕರೆದುಕೊಂಡು ಹೋದಾಗ ಇವಳೂ ಹಿಂದೆ ಕೂತು ಕೇಳಿದ್ದಳು. "ಶಿವನಿಗೆ ಕೊಡೋಕೆ ನಿಮ್ಮ ಹತ್ರ ಏನಿದೆ?" ಅಂತ ಕೇಳಿದ್ದರು ಅಜ್ಜ. "ನೀರಿದೆ. ಒಂದು ಎಲೆ ಇದೆ. ಇಲ್ಲಾಂದ್ರೆ ಒಂದು ಚಟ ಇದೆ. ಯಾವುದು ಕೊಟ್ಟರೂ ತಗೋತಾನೆ. ಆದರೆ ಕೊಟ್ಟದ್ದನ್ನ ವಾಪಸ್ ಕೇಳಬಾರದು, ಅಷ್ಟೇ." ಲೋಕವೆಲ್ಲ ಸುಡುವ ವಿಷವನ್ನು ಶಿವ ನುಂಗಲೂ ಇಲ್ಲ, ಉಗುಳಲೂ ಇಲ್ಲ, ಗಂಟಲಲ್ಲೇ ಹಿಡಿದ ಕಥೆಯನ್ನೂ ಅವತ್ತೇ ಹೇಳಿದ್ದರು. ಮನೆಗೆ ಬರುವಾಗ ದಾರಿಯಲ್ಲಿ ಗಂಡ ಅಂದಿದ್ದ, "ಅವನು ಗಂಟಲಲ್ಲಿ ನಿಲ್ಲಿಸಿದ. ನಂದು ಸೀದಾ ಹೊಟ್ಟೆಗೆ ಇಳೀತು ನೋಡು." ಎಷ್ಟೋ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಆಗಲೇ.

ಆರೂವರೆಗೆ ಸರಿಯಾಗಿ ಅವನು ಬಂದ. ಹೊರಗೆ ಇನ್ನೂ ಬೆಳಕಿತ್ತು. ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟು, ಕೈಕಾಲು ತೊಳೆದು, ತಲೆಯಲ್ಲಿದ್ದ ಹಿತ್ತಾಳೆಯ ಚೂರು ಕೊಡವಿ ಗೂಡಿನ ಮುಂದೆ ನಿಂತ. ಅವಳು ಒಳಗಿನಿಂದಲೇ ನೋಡುತ್ತಿದ್ದಳು. ಎಣ್ಣೆ ನೋಡಿದ. ಗೆರೆ ಸರಿಯಾಗಿತ್ತು. ಪುಸ್ತಕ ನೋಡಿದ. ಹೊತ್ತು ಸರಿಯಾಗಿತ್ತು. ಆಮೇಲೆ ದಿನವೂ ಮಾಡುವ ಹಾಗೆ ಬಲಗೈಯನ್ನು ದೀಪದ ಕೆಳಗಿನ ಕಲ್ಲಿನ ಮೇಲಿಟ್ಟ.

ದಿನವೂ ಇಡುತ್ತಿದ್ದ. ಇಟ್ಟು ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಭಕ್ತಿಗೆ ಅಂತ ಅವಳು ಅಂದುಕೊಂಡಿದ್ದಳು. ಈಗ ಅವನ ಕೈ ಅಲ್ಲೇ ನಿಂತಿತು. ಒಂದು ಬೆರಳು ಎತ್ತಿ ಇನ್ನೊಂದು ಕಡೆ ಮುಟ್ಟಿದ, ಯಂತ್ರದಲ್ಲಿ ಕಡೆದ ತುಂಡು ಕಾದಿದೆಯಾ ಅಂತ ನೋಡುವ ಹಾಗೆ. ಆಗ ಅವಳಿಗೆ ತಿಳಿಯಿತು. ನಲವತ್ತು ದಿನ ಹಗಲೂ ರಾತ್ರಿ ದೀಪ ಕೂತ ಕಲ್ಲಿಗೆ ಒಂದು ಬಿಸಿ ಇರುತ್ತದೆ. ಬತ್ತಿ ಬದಲಾಯಿಸಬಹುದು, ಎಣ್ಣೆ ಇಳಿಸಬಹುದು. ಆ ಬಿಸಿಯನ್ನು ಒಂದು ಗಂಟೆಯಲ್ಲಿ ಎಲ್ಲಿಂದ ತರುವುದು?

"ಎರಡೂವರೆಗೆ ಹಾಕಿದ್ದಾ?" ಅವನು ತಿರುಗದೆ ಕೇಳಿದ.

"ಹೂಂ."

"ಸರಿಯಾಗಿ?"

"ಬರೆದಿದೀನಲ್ಲ."

ಅವನು ಕೈ ತೆಗೆದ. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಮೇಲಿನ ಅಂಕಿ ನೋಡುತ್ತ ನಿಂತ. ಆಮೇಲೆ ಜೋಡಿಸಿಟ್ಟ ಚಪ್ಪಲಿಯನ್ನು ಮತ್ತೆ ಕಾಲಿಗೆ ಸಿಕ್ಕಿಸಿದ.

"ಎಲ್ಲಿಗೆ ರೀ?"

"ಬರ್ತೀನಿ."

"ಈಗ ತಾನೇ ಬಂದ್ರಿ. ಬಾಯಿಗೆ ಒಂದು ಲೋಟ ನೀರೂ ಹಾಕಿಲ್ಲ. ಇರಿ, ಏನಾದ್ರೂ..."

"ಬರ್ತೀನಿ ಅಂದೆನಲ್ಲ."

ಅವಳು ಕಿಟಕಿಗೆ ಓಡಿದಳು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಪಾಠದ ಅಜ್ಜನ ಮನೆ, ಬಲಕ್ಕೆ ತಿರುಗಿದರೆ ಹೆಂಡದ ಅಂಗಡಿ. ಅವನು ಕತ್ತು ತಗ್ಗಿಸಿ ನಡೆಯುತ್ತಿದ್ದ, ಹೆಜ್ಜೆ ಅಳೆಯುವವನ ಹಾಗೆ. ಬೀದಿಯ ಕೊನೆಯಲ್ಲಿ ನಿಲ್ಲಲಿಲ್ಲ, ಯೋಚಿಸಲಿಲ್ಲ. ಬಲಕ್ಕೆ ತಿರುಗಿದ.

ಅವಳು ಹಿಂದೆ ಹೋಗಬಹುದಾಗಿತ್ತು. ಎಷ್ಟು ಸಲ ಹೋಗಿರಲಿಲ್ಲ? ಅಂಗಡಿಯ ಹುಡುಗರೆಲ್ಲ ಅವಳನ್ನು ಕಂಡರೆ ದಾರಿ ಬಿಡುತ್ತಿದ್ದರು. ಆದರೆ ಕಾಲು ಏಳಲಿಲ್ಲ. ಭುಜ ಏಳಲಿಲ್ಲ. ಕಿಟಕಿಯ ಕೆಳಗೇ ಕೂತುಬಿಟ್ಟಳು. ಕೆಳಗಿನ ಮನೆಯಿಂದ ನಾದಿನಿಯ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅವಳೂ ನೋಡಿರಬೇಕು ಅಣ್ಣ ಹೋದದ್ದನ್ನು. ಮೇಲೆ ಬರಲಿಲ್ಲ, ಪುಣ್ಯಾತ್ಗಿತ್ತಿ.

ದೀಪ ಉರಿಯುತ್ತಿತ್ತು. ಎಣ್ಣೆ ಕೊನೆಯ ಗೆರೆಯ ಹತ್ತಿರ ಬಂದಿತ್ತು. ಏಳೂಕಾಲಿಗೆ ತುಂಬಬೇಕು, ಅಂತ ಅವಳ ತಲೆ ತಾನಾಗಿ ಹೇಳಿತು. ಯಾರಿಗೆ ತುಂಬಬೇಕು ಅಂತಲೂ ಅದೇ ತಲೆ ಕೇಳಿತು. ಏಳಾಯಿತು. ಅವಳು ಕದಲಲಿಲ್ಲ.

ಮೆಟ್ಟಿಲಲ್ಲಿ ಹೆಜ್ಜೆ. ಅವಳು ಕಿವಿಗೊಟ್ಟು ಎಣಿಸಿದಳು. ಹದಿನಾರು ಮೆಟ್ಟಿಲು, ಒಂದೂ ತಪ್ಪದೆ ಹತ್ತಿ ಬಂದ. ಬಾಗಿಲು ತೆರೆದಾಗ ಅವಳು ಎದ್ದು ಎದುರಿಗೆ ಹೋದಳು. ಹದಿನೆಂಟು ವರ್ಷದ ಅಭ್ಯಾಸ, ಹತ್ತಿರ ಹೋಗಿ ಮೂಗಿನಿಂದ ಉಸಿರೆಳೆದಳು. ಬೆವರು. ಹಿತ್ತಾಳೆ. ಬೀದಿಯ ಧೂಳು.

"ಅಂಗಡಿ ಬಾಗಿಲ ತನಕ ಹೋಗಿದ್ದೆ," ಅಂದ ಅವನು.

ಅವಳ ಗಂಟಲಲ್ಲಿ ಸಂಜೆಯಿಂದ ಹಿಡಿದು ನಿಂತದ್ದು ಆಗ ಹೊರಗೆ ಬಂತು. "ಮೂರಕ್ಕೆ ಆರಿತ್ತು ರೀ. ಮಲಗಿಬಿಟ್ಟಿದ್ದೆ. ಅರ್ಧ ಗಂಟೆ ಅಂತ ಕೂತದ್ದು. ಎದ್ದಾಗ ಐದೂಕಾಲು. ಬರೆದದ್ದು ಸುಳ್ಳು."

"ಗೊತ್ತು. ಕಲ್ಲು ತಣ್ಣಗಿತ್ತು."

ಅವನು ಬೈಯುತ್ತಾನೆ ಅಂತ ಅವಳು ಕಾದಳು. ಬೈದಿದ್ದರೆ ಸುಲಭವಿತ್ತು. ಅವನು ಅವಳ ಮುಖವನ್ನು ನೋಡಿದ, ಅಳತೆಗೆ ಹಿಡಿದ ತುಂಡನ್ನು ಬೆಳಕಿಗೆ ತಿರುಗಿಸಿ ನೋಡುವ ಹಾಗೆ, ಕಣ್ಣ ಕೆಳಗೆ, ಕೆನ್ನೆಯ ಮೇಲೆ. ಚಾಪೆಯ ಗೆರೆ ಇನ್ನೂ ಪೂರ್ತಿ ಅಳಿಸಿರಲಿಲ್ಲವೇನೋ.

"ರಾತ್ರಿ ಎಷ್ಟು ಸಲ ಏಳ್ತೀಯ ನೀನು?" ಅಂದ.

"ಎರಡು ಸಲ. ಒಂದೊಂದು ದಿನ ಮೂರು. ಆರಿತೇನೋ ಅಂತ ಸುಮ್ಮನೆ ಎಚ್ಚರ ಆಗುತ್ತೆ."

"ಅದು ಪುಸ್ತಕದಲ್ಲಿ ಇಲ್ಲ."

"ಸುಮ್ಮನೆ ಎದ್ದದ್ದನ್ನ ಯಾರು ಬರೀತಾರೆ?"

ಅವನು ಒದ್ದೆ ಬಟ್ಟೆ ತಂದು ಬಾಗಿಲ ಮೇಲಿನ ೪೧ನ್ನು ಒರೆಸಿದ. ಅಂಚುಗಳಲ್ಲಿ ಬಿಳಿ ಉಳಿಯದ ಹಾಗೆ ಎರಡು ಸಲ ಒರೆಸಿದ. ಹಲಗೆ ಒಣಗುವ ತನಕ ಕಾದು ನಿಂತ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಅದೇ ದುಂಡು ಅಕ್ಷರದಲ್ಲಿ ಬರೆದ: ೧.

ಅವಳು ಗೋಡೆಗೆ ಒರಗಿದಳು. ಇನ್ನೂ ನಲವತ್ತೆಂಟು. ಅಳು ಬಂತೋ ನಗು ಬಂತೋ, ಎರಡಕ್ಕೂ ಶಕ್ತಿ ಇರಲಿಲ್ಲ.

"ರಾತ್ರಿದು ನಂದು," ಅಂದ ಅವನು, ಬೆನ್ನು ಮಾಡಿಕೊಂಡೇ. "ಮಧ್ಯಾಹ್ನದ್ದಕ್ಕೂ ಊಟದ ಹೊತ್ತಲ್ಲಿ ಬಂದು ಹೋಗ್ತೀನಿ. ದೂರ ಏನಿಲ್ಲ."

"ಕೈ ನಡುಗಿದ್ರೆ?"

ಅವನು ಬಲಗೈ ಮುಂದೆ ಚಾಚಿ ಬೆರಳು ಬಿಡಿಸಿದ. ಇಬ್ಬರೂ ನೋಡಿದರು. ತುದಿಯಲ್ಲಿ ಸಣ್ಣದಾಗಿ ನಡುಗುತ್ತಿತ್ತು.

"ಇಷ್ಟಿದೆ," ಅಂದ. "ನೀನು ಮಲಕ್ಕೋ ಹೋಗು."

"ಇಷ್ಟು ಬೇಗ ಯಾರು ಮಲಗ್ತಾರೆ? ಅಡುಗೆ ಆಗ್ಬೇಕು."

"ಮಲಕ್ಕೋ ಅಂದೆ."

ಅವಳು ಅಲ್ಲೇ ಚಾಪೆಯ ಮೇಲೆ ಕಾಲು ಚಾಚಿದಳು, ಸೆರಗು ಮುಖಕ್ಕೆ ಎಳೆದುಕೊಂಡಳು. ಸುಮ್ಮನೆ, ಅವನ ಮಾತಿಗೆ, ಒಂದು ಗಳಿಗೆ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಸೆರಗಿನ ಸಂದಿನಿಂದ ಅವನ ಪಾದ ಕಾಣುತ್ತಿತ್ತು, ಆಮೇಲೆ ಸೀಸೆಯ ಬಿರಡೆ ತೆಗೆದ ಸದ್ದು. ಎಣ್ಣೆ ಬಟ್ಟಲಿಗೆ ಇಳಿಯುವುದನ್ನು ಅವಳು ಕೇಳಿಸಿಕೊಂಡಳು. ನಡುಗುವ ಕೈಗೆ ಸೀಸೆಯ ಬಾಯಿ ಹಿತ್ತಾಳೆಗೆ ತಾಗಿ ಸಣ್ಣಗೆ ಟಕಟಕ ಅನ್ನುತ್ತಿತ್ತು. ಒಂದನೇ ಗೆರೆ ಮುಳುಗಿರಬೇಕು. ಎರಡನೆಯದೂ. ಮೂರನೆಯದು ಮುಳುಗುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿತ್ತು.

ಅವನು ಸೀಸೆ ಇಟ್ಟು, ಪುಸ್ತಕದಲ್ಲಿ ಹೊತ್ತು ಬರೆದು, ಅಂಗೈಯನ್ನು ಕಲ್ಲಿನ ಮೇಲೆ ಊರಿದ. ಕಲ್ಲು ಈಗಷ್ಟೇ ಬೆಚ್ಚಗಾಗುತ್ತಿತ್ತು.