ಕತ್ತರಿಸಿದವರಿಗೆ ಉಳಿದ ಚೂರು

೧
ಹೇಗೆ ಶುರುಮಾಡಲಿ? "ಅದು ಯುದ್ಧದ ಕಾಲ" ಎಂದರೆ ಹಸಿಸುಳ್ಳು. ಇದು ಮೈಕ್ರೋವೇವ್ ಕಾಲ. ವಾರಪತ್ರಿಕೆಯ ಸಂಪಾದಕಿ ಫೋನ್ ಮಾಡಿ, "ಯುದ್ಧಕಾಲದ ರೇಷನ್ನಿನಲ್ಲಿ ಒಂದು ವಾರ ಬದುಕಿ ನೋಡಿ ಸಾರ್, ತಮಾಷೆಯಾಗಿ ಬರೀರಿ. ಅಮ್ಮ ಆ ಕಾಲದೋರಲ್ವಾ, ಅವರನ್ನೂ ಒಂಚೂರು ಸೇರಿಸಿ," ಎಂದರು. (ಉಪ್ಪುಖಾರ ಸೇರಿಸಿ ಎಂಬಂತೆ.)

೨
ಮೊದಲ ಡ್ರಾಫ್ಟ್. ಫ್ರಿಜ್ಜಿನ ಬಾಗಿಲಿಗೆ ಟೇಪ್ ಅಂಟಿಸಿದೆ. ವಾರಕ್ಕೆ ತಲೆಗೊಂದು ಮೊಟ್ಟೆ, ಒಂದು ಹಿಡಿ ಸಕ್ಕರೆ, ದಿನಕ್ಕೆ ನಮ್ಮಿಬ್ಬರಿಗೂ ಸೇರಿ ಅಂಗೈಯುದ್ದದ ಬ್ರೆಡ್ಡು. ಹೊಸ ಡಿಜಿಟಲ್ ತಕ್ಕಡಿ ನೋಡಿ ಅಮ್ಮ ಮುಖ ಸಿಂಡರಿಸಿದಳು.

"ಅದನ್ನ ಎತ್ತಿಡೋ. ನಮ್ಮನೇಲಿ ಒಬ್ಬರು ಕತ್ತರಿಸ್ತಿದ್ರು, ಇನ್ನೊಬ್ಬರು ಮೊದಲು ಆರಿಸ್ಕೋತಿದ್ರು. ಉಳಿದಿದ್ದು ಕತ್ತರಿಸಿದೋರಿಗೆ. ಮೋಸಕ್ಕೆ ಜಾಗಾನೇ ಇಲ್ಲ."

(ಎಷ್ಟು ಚೆಂದದ ಸಾಲು! ಅವಳೆದುರೇ ಬರೆದುಕೊಂಡೆ.)

೩
ನಾನು ಕತ್ತರಿಸಿದೆ. ಮೂರು ದಿನವೂ ಅಮ್ಮ ಅಗಲವಾದ ಚೂರನ್ನೇ ಎತ್ತಿಕೊಂಡಳು. "ವಯಸ್ಸಾದವರ ಕಣ್ಣು ಅಗಲಕ್ಕೆ ಮರುಳಾಗುತ್ತದೆ" ಎಂದು ಒಂದು ಜೋಕು ಬರೆದೆ.

೪
(ಇದನ್ನು ಹೊಡೆದುಹಾಕಿದ್ದೆ. ಮತ್ತೆ ಬರೆಯುತ್ತಿದ್ದೇನೆ.) ನಾಲ್ಕನೆಯ ದಿನ ಚಾಕುವನ್ನು ಬೇಕೆಂದೇ ಓರೆ ಹಿಡಿದೆ. ಹಾಗೆ ಹಿಡಿದರೆ ಒಂದು ಚೂರು ಅಗಲವಾಗಿ ಕಾಣುತ್ತದೆ, ಆದರೆ ತೆಳು. ದಪ್ಪದ್ದು ನನಗೆ ಉಳಿಯುತ್ತದೆ. ನನಗೆ ಹಸಿವಾಗಿತ್ತು. ಟೇಪಿನ ಹಿಂದೆ ಫ್ರಿಜ್ ತುಂಬ ಊಟವಿತ್ತು, ಆದರೂ ಹೆತ್ತ ತಾಯಿಗೆ ಟೋಪಿ ಹಾಕಿದೆ.

ಅಮ್ಮ ಅಗಲದ ಚೂರನ್ನು ತಟ್ಟೆಗೆ ಹಾಕಿಕೊಂಡು ನನ್ನ ಕೈಯನ್ನೇ ನೋಡಿದಳು.

"ಗೊತ್ತಾಗಲ್ಲ ಅನ್ಕೊಂಡ್ಯಾ? ಚಾಕು ಹಾಗೆ ಹಿಡಿಯೋದು ಕಂಡುಹಿಡಿದೋಳೇ ನಾನು. ತಂಗಿಗೆ ಐದು ವರ್ಷ. ಅಗಲ ನೋಡಿ ಕುಣೀತಾ ಎತ್ಕೋತಿದ್ಲು. ಇಡೀ ಚಳಿಗಾಲ. ಚಳಿಗಾಲ ಮುಗಿಯೋ ಹೊತ್ತಿಗೆ ಹೋಗ್ಬಿಟ್ಲು."

ಅವಳಿಗೊಬ್ಬಳು ತಂಗಿಯಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಮಾರನೇ ದಿನ ಎರಡೂ ಚೂರು ನಂದೇ. ತಿಂದೆ. ಅಳ್ತಾ ತಿಂದ್ಲು ಅಂತೆಲ್ಲ ಬರೀಬೇಡ, ಅಳ್ಲಿಲ್ಲ. ರುಚಿಯಾಗಿತ್ತು." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಬರೀಲೇಬೇಡ ಕಣೋ," ಎಂದಳು.

"ಇಲ್ಲಮ್ಮ," ಎಂದೆ.

೫
ಮುಕ್ತಾಯ ಒಂದು: ನಾನು ಟೇಪ್ ಕಿತ್ತು ಬಿಸಿಬಿಸಿ ಊಟ ಬಡಿಸುತ್ತೇನೆ, ಅಮ್ಮ ತಿನ್ನುತ್ತಾಳೆ. ("ನಾನೆಲ್ಲಿ ತಿಂದೆ? ಅಳಿಸು," ಎನ್ನುತ್ತಾಳೆ ಕಥೆಯೊಳಗಿನ ಅಮ್ಮ. ಟೇಪ್ ಕಿತ್ತದ್ದು ನಿಜ. ಊಟ ತಣ್ಣಗಾದದ್ದೂ ನಿಜ.)

ಮುಕ್ತಾಯ ಎರಡು: ಕೊಟ್ಟ ಮಾತಿನಂತೆ ನಾನು ಬರೆಯಲಿಲ್ಲ. (ಹಾಗಾದರೆ ನೀವು ಓದುತ್ತಿರುವುದು ಏನು?)

೬
ಸಂಪಾದಕಿಗೆ ಎರಡು ಕಥೆ ಸಿದ್ಧವಾಗಿವೆ. ಒಂದು ತಮಾಷೆಯದು, ಅಗಲವಾಗಿದೆ, ಎರಡು ಪುಟ ತುಂಬುತ್ತದೆ. ಇನ್ನೊಂದು ಇದು. ಯಾವುದನ್ನೂ ಕಳಿಸಿಲ್ಲ. ಪಕ್ಕದ ಕೋಣೆಯಿಂದ ಅಮ್ಮ, "ಏನೋ ಟೈಪ್ ಮಾಡ್ತಿದ್ದೀಯ?" ಎಂದು ಕೇಳುತ್ತಿದ್ದಾಳೆ.

ಮೊದಲು ನೀವು ಆರಿಸಿಕೊಳ್ಳಿ. ಕತ್ತರಿಸಿದವನು ನಾನು.